ತಲೆಯ ಮೇಲೆ ಇಟ್ಟ ಕೈ

ಗ್ರೇಟರ್ ನೋಯ್ಡಾ
೧೩ ನವೆಂಬರ್ ೨೦೨೪

ಸ್ನೇಹಲತಾ ಅಕ್ಕ,

…ನುಡಿಸುವವರು ಬಾಗಿಲ ಕಡೆ ಮುಖ ಮಾಡಿ ಕೂರಬಾರದು ಎಂದು ನೀವು ಒಮ್ಮೆ ಹೇಳಿದ್ದಿರಿ. ಯಾಕೆ ಎಂದೂ ಹೇಳಿದ್ದಿರಿ, ಅದು ಮರೆತಿದೆ. ತಡವಾಗಿ ಬರುವವರನ್ನು ನೋಡಿದರೆ ಗಮನ ಹೋಗುತ್ತದೆ ಎಂದೋ, ಬಂದವರಿಗೇ ಮುಜುಗರವಾಗುತ್ತದೆ ಎಂದೋ. ಈ ಎರಡು ಮೂರು ದಿನಗಳಿಂದ ಆ ಮಾತು ಸುಮ್ಮಸುಮ್ಮನೆ ನೆನಪಾಗುತ್ತಿದೆ. ಭಾನುವಾರದ ಆರಾಧನೆಗೆ ನಾವು ಸೇರುವ ಈಗಿನ ಕೋಣೆಯಲ್ಲಿ ಬೇರೆ ದಾರಿಯೂ ಇಲ್ಲ. ಮಾರ್ಕೆಟ್ ಕಟ್ಟಡದ ಎರಡನೇ ಮಹಡಿ, ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ಟ್ಯೂಷನ್ ಸೆಂಟರ್, ಇರುವುದು ಒಂದೇ ಬಾಗಿಲು. ಗಿಟಾರ್ ಹಿಡಿದು ನಿಂತರೆ ಎದುರಿಗೆ ಅದೇ.

ಅಂಚೆಯಲ್ಲಿ ಪತ್ರ ಬಂದದ್ದನ್ನು ನೋಡಿ ನೀವು ನಗಬಹುದು. ಫೋನಿನಲ್ಲಿ ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಅರ್ಥ ಕಲ್ಪಿಸಬೇಡಿ.

ಕೇಳಬೇಕಾದದ್ದು ಇದು. ಸಂಗೀತ ತಂಡದಲ್ಲಿ ಮೊದಲ ಸಲ ನುಡಿಸುವವರನ್ನು ನಡುವೆ ಕೂರಿಸಿ, ಉಳಿದವರೆಲ್ಲ ಅವರ ತಲೆಯ ಮೇಲೆ, ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುವ ರೂಢಿಯನ್ನು ನೀವು ಎಲ್ಲಿಂದ ತಂದಿರಿ? ಊರಿನ ಸಭೆಯಲ್ಲಿ ನಾನು ಅದನ್ನು ಕಂಡ ನೆನಪಿಲ್ಲ. ನೀವು ದೆಹಲಿಯಲ್ಲಿ ಕೆಲಸದಲ್ಲಿದ್ದಾಗ ಹೌಜ್ ಖಾಸಿನ ನಿಮ್ಮ ಮನೆಯಲ್ಲಿ ನನಗೂ ಹಾಗೆ ಮಾಡಿದ್ದಿರಿ. ನಲವತ್ತರ ಹತ್ತಿರದ ಗಂಡಸು, ಗಿಟಾರ್ ತಬ್ಬಿಕೊಂಡು, ತಲೆ ತಗ್ಗಿಸಿ ಕೂತಿದ್ದೆ. ಅದು ಬರೀ ಪ್ರಾರ್ಥನೆಯೇ? ದೂರದಿಂದ ನೋಡುವವರಿಗೆ ಬೇರೆ ಏನಾದರೂ ಆಗಿ ಕಾಣಬಹುದೇ?

ತಂಡದ ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಆದರ್ಶ್ ಗಿಟಾರಿಗೆ ಹೊಸ ತಂತಿ ಹಾಕಿಸಿದ್ದಾನೆ. ಧಾರಿಣಿ ಕೀಬೋರ್ಡಿನಲ್ಲಿ ಈಗಲೂ ಎಡಗೈಯನ್ನು ಮರೆಯುತ್ತಾಳೆ. ಭವ್ಯಶ್ರೀ ಭಾನುವಾರ ಮೊದಲ ಸಲ ನುಡಿಸಿದಳು. ಇಲ್ಲಿ ಹೊಗೆ ಜಾಸ್ತಿಯಾಗಿದೆ. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಾರೆ, ಯಾರು ಯಾರೆಂದು ತಿಳಿಯುವುದಿಲ್ಲ.

ಕರುಣಾಕರ

*

ಧಾರವಾಡ
೨೧ ನವೆಂಬರ್ ೨೦೨೪

ಕರುಣಾ,

ಅಂಚೆಯವನು ಬೆಲ್ ಮಾಡಿದಾಗ ಬ್ಯಾಂಕಿನ ನೋಟೀಸು ಎಂದುಕೊಂಡೆ. ನಿನ್ನ ಅಕ್ಷರ ನೋಡಿ ನಕ್ಕದ್ದೂ ನಿಜ. ಇಷ್ಟು ವರ್ಷ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುತ್ತಿದ್ದವನು ಈಗ ಸ್ಪೀಡ್ ಪೋಸ್ಟ್ ಮಾಡುತ್ತಾನೆ!

ನಿನ್ನ ಪ್ರಶ್ನೆ ಓದಿದ ಕೂಡಲೇ ವಿಷಯ ಗೊತ್ತಾಯಿತು. ನಿಮ್ಮ ಸಭೆಯ ಹೊಸ ಪಾಸ್ಟರ್ ಅಯ್ಯನವರು ತಗಾದೆ ತೆಗೆದಿದ್ದಾರೆ, ಅಲ್ಲವೇ? 'ಕೈ ಇಡುವ ಅಧಿಕಾರ ಪಾಸ್ಟರಿಗೆ ಮಾತ್ರ, ಗಿಟಾರ್ ಬಾರಿಸುವವರಿಗೆಲ್ಲ ಇಲ್ಲ' ಎಂದಿರಬೇಕು. ಅವರಿಗೆ ನನ್ನ ಹೆಸರು ಹೇಳು. ಆ ರೂಢಿಯನ್ನು ನಾನು ಎಲ್ಲಿಂದಲೂ ತಂದದ್ದಲ್ಲ. ಹೌಜ್ ಖಾಸಿನಲ್ಲಿ ಪ್ರಕೃತಿ ಎಂಬ ಹುಡುಗಿ ಇದ್ದಳು, ಇಂಜಿನಿಯರಿಂಗ್ ಓದಲು ಬಂದವಳು. ಮೊದಲ ಸಲ ವಯಲಿನ್ ಹಿಡಿದು ನಿಂತಾಗ ಎಷ್ಟು ನಡುಗುತ್ತಿದ್ದಳೆಂದರೆ ಕಮಾನು ತಂತಿಯ ಮೇಲೆ ನಿಲ್ಲುತ್ತಿರಲಿಲ್ಲ. ಅವಳ ಹೆಗಲ ಮೇಲೆ ಕೈಯಿಟ್ಟೆ. ಪಕ್ಕದವರೂ ಇಟ್ಟರು. ಯಾರೋ ಪ್ರಾರ್ಥನೆ ಶುರು ಮಾಡಿದರು. ಮುಂದಿನ ಸಲ ಬಂದವನು, 'ನನಗೆ ಯಾಕಿಲ್ಲ?' ಎಂದ. ಇಷ್ಟೇ ಅದರ ಧರ್ಮಶಾಸ್ತ್ರ.

ಭವ್ಯಶ್ರೀ ಹೇಗೆ ಬಾರಿಸಿದಳು, ಅದನ್ನು ಬರೆಯಲಿಲ್ಲ! ಕ್ರಿಸ್ಮಸ್ ಕ್ಯಾರಲ್ ಹಾಡಿನ ಸಾಲುಗಳನ್ನೆಲ್ಲ ಅವಳಿಗಾಗಿ ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದೇನೆ. ಕನ್ನಡ ಓದಲು ಬರದಿದ್ದರೂ ಒಂದೊಂದು ಅಕ್ಷರ ಎಲ್ಲಿ ಬೀಳಬೇಕು ಎಂದು ನನ್ನ ಪ್ರಾಣ ತಿನ್ನುತ್ತಾಳೆ. ಬರೀ ಬಾರಿಸುವವಳಿಗೆ ಅದೆಲ್ಲ ಯಾಕಮ್ಮಾ ಎಂದರೆ, 'ಆಂಟಿ, ಮಾತು ಗೊತ್ತಿಲ್ದೆ ಕೈ ಕೈಸೇ ಚಲೇಗಾ?' ಎನ್ನುತ್ತಾಳೆ. ಅವಳನ್ನು ಬಿಡಬೇಡ. ಇಂಥವರು ಸಿಗುವುದಿಲ್ಲ.

ಅಯ್ಯನವರ ಜೊತೆ ಜಗಳ ಆಡಬೇಡ.

ಸ್ನೇಹಲತಾ

*

ಗ್ರೇಟರ್ ನೋಯ್ಡಾ
೨೯ ನವೆಂಬರ್ ೨೦೨೪

ಅಕ್ಕ,

ಅಯ್ಯನವರು ಏನೂ ಅಂದಿಲ್ಲ. ಅವರಿಗೆ ನಾನು ಇನ್ನೂ ಹೇಳಿಯೇ ಇಲ್ಲ.

ಆ ಭಾನುವಾರ ಆರಾಧನೆಗೆ ಮೊದಲು ಎಲ್ಲರೂ ಬಂದು ಕೂರುತ್ತಿದ್ದರು. ಭವ್ಯಶ್ರೀ ತನ್ನ ಕಹೋನ್ ತಂದಿದ್ದಳು. ನೀವು ಫೋನಿನಲ್ಲಿ ಮಾತ್ರ ಕೇಳಿದ್ದೀರಿ. ಅದು ಮರದ ಒಂದು ಪೆಟ್ಟಿಗೆ, ಅದರ ಮೇಲೆಯೇ ಕೂತು ಎರಡೂ ಕೈಯಿಂದ ಬಾರಿಸುವುದು. ನಾನು ಹಾಡು ಶುರು ಮಾಡೋಣ ಎಂದೆ. ಅವಳು ಎದ್ದು ನಿಂತಳು. 'ಅಂಕಲ್, ಮೇರಾ ನಹೀ ಹೋಗಾ ಕ್ಯಾ? ಆದರ್ಶ್‌ಗೆ ಮಾಡಿದ್ರಲ್ಲಾ, ಕೈ ಇಟ್ಟು! ನಾನೇನು ಪಕ್ಕದ ಮನೆಯವಳಾ?' ಎಲ್ಲರೂ ನಕ್ಕರು. ನಾನೂ ನಕ್ಕೆ. ಇಲ್ಲಮ್ಮಾ, ನೀನು ಹಿಂದೂ, ನಿನಗೆ ಬೇಡ ಎಂದು ಹೇಗೆ ಹೇಳುವುದು? ಅವಳನ್ನು ಪೆಟ್ಟಿಗೆಯ ಮೇಲೆ ಕೂರಿಸಿ ತಲೆಯ ಮೇಲೆ ಕೈಯಿಟ್ಟೆ. ಕಣ್ಣು ಮುಚ್ಚಿದೆ. ಈ ಮಗಳ ಕೈಗಳನ್ನು ನಿನ್ನ ಸ್ತುತಿಗಾಗಿ ಉಪಯೋಗಿಸು ಎಂದು, ಮಾಮೂಲಿನ ಹಾಗೆ. ಕಣ್ಣು ತೆರೆದಾಗ ಬಾಗಿಲಲ್ಲಿ ಒಬ್ಬ ನಿಂತಿದ್ದ. ಟೋಪಿ, ಮಾಸ್ಕ್. ಫೋನನ್ನು ನಮ್ಮ ಕಡೆ ಎತ್ತಿ ಹಿಡಿದಿದ್ದ. ನನ್ನನ್ನು ನೋಡಿದ ಕೂಡಲೇ ಇಳಿಸಿದ. ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿದ್ದ.

ಅಕ್ಕ, ಯಮುನೆಯ ಆ ಕಡೆ, ನಿಮ್ಮ ಹೌಜ್ ಖಾಸಿನಲ್ಲಿ, ಅದು ಪ್ರಾರ್ಥನೆ. ಈ ಕಡೆ ರಾಜ್ಯ ಬೇರೆ, ಮತಾಂತರ ತಡೆಯುವ ಕಾನೂನು ಇದೆ. ದೂರು ಕೊಡಲು ಹುಡುಗಿಯ ಮನೆಯವರೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಕೊಡಬಹುದು. ಜಾಮೀನು ಸುಲಭವಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ, ಪತ್ರಿಕೆ ಓದುತ್ತೇನೆ. ಆದರೂ ಸೇತುವೆ ದಾಟಿ ಮನೆ ಬದಲಿಸಿದಾಗ ಗಿಟಾರ್, ಸ್ಟ್ಯಾಂಡು, ಹಾಡಿನ ಪುಸ್ತಕದ ಜೊತೆ ಈ ರೂಢಿಯನ್ನೂ ತಂದೆ. ಯೋಚಿಸಲೇ ಇಲ್ಲ.

ಮೊನ್ನೆ ಲಿಫ್ಟಿನಲ್ಲಿ ಮೇಲಿನ ಮಹಡಿಯವರು, 'ಕರುಣಾಕರ್ ಜೀ, ಸಂಡೇ ಕೋ ಬಡಾ ಗಾನಾ ಬಜಾನಾ ಚಲ್ ರಹಾ ಹೈ!' ಎಂದು ನಕ್ಕರು. ಅವರಿಗೆ ಹೇಗೆ ಗೊತ್ತು? ಗೇಟಿನ ಭಯ್ಯಾ, ಯಾರೋ ಇಬ್ಬರು ನಮ್ಮ ಫ್ಲ್ಯಾಟಿನ ನಂಬರು ಕೇಳಿದರು ಎಂದ. ಇಂಟರ್ನೆಟ್ ಕಂಪನಿಯವರಿರಬಹುದು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ, ಎತ್ತದಿದ್ದರೆ ಯಾರಿರಬಹುದು ಎಂದು ಸಂಜೆಯವರೆಗೂ ಯೋಚನೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಂದರೆ ಒಳಗಿನ ಕೋಣೆಗೆ ಹೋಗಿ ದನಿ ಆರಿಸಿ ತೆರೆಯುತ್ತೇನೆ. ತೆರೆದರೆ ಕಸದ ಗಾಡಿ, ನಾಯಿ ಮರಿ. ರತ್ನಪ್ರಭಾ, 'ನಿಮ್ಮ ಮುಖ ನೋಡಿದ್ರೆ ಯಾರೂ ದೂರು ಕೊಡೋದೇ ಬೇಡ, ನೀವೇ ಒಪ್ಪಿಕೊಂಡ ಹಾಗಿದೆ' ಎನ್ನುತ್ತಾಳೆ. ಹೆಂಡತಿಯರಿಗೆ ತಮಾಷೆ ಮಾಡುವ ಧೈರ್ಯ ಎಲ್ಲಿಂದ ಬರುತ್ತದೋ. ಆದರೆ ಈಗೀಗ ಅವಳೂ ಬಾಗಿಲಿಗೆ ಚಿಲಕ ಹಾಕಿ ಮತ್ತೊಮ್ಮೆ ಎಳೆದು ನೋಡುತ್ತಾಳೆ.

ಭವ್ಯಶ್ರೀಯ ಮನೆಯವರನ್ನು ನಾನು ನೋಡಿಲ್ಲ. ಇಲ್ಲಿನ ಕಾಲೇಜಿನಲ್ಲಿ ಆದರ್ಶ್ ಜೊತೆ ಓದುವವಳು, ಅವನ ಜೊತೆಗೇ ತಂಡಕ್ಕೆ ಬಂದವಳು. ಅವಳ ತಂದೆ ರಮಾನಾಥ ದೇವಾಡಿಗರು ಉಡುಪಿ ಕಡೆಯವರು, ಮುಖರ್ಜಿ ನಗರದಲ್ಲಿ ಹೋಟೆಲು ನಡೆಸುತ್ತಾರೆ. ಅವರಿಗೆ ಈ ವಿಷಯ ಗೊತ್ತಿದೆಯೋ ಇಲ್ಲವೋ. ಕೇಳಲು ಭಯ. ಪೊಲೀಸರು ನನ್ನನ್ನು ಕರೆದುಕೊಂಡು ಹೋದರೆ ಹೋಗಲಿ. ಅವಳನ್ನು ಎದುರಿಗೆ ಕೂರಿಸಿ, ಇವನು ನಿನಗೆ ಏನು ಮಾಡಿದ, ಏನು ಕೊಟ್ಟ ಎಂದು ಕೇಳುತ್ತಾರಲ್ಲ, ಅದನ್ನು ನೆನೆದರೆ ಊಟ ಸೇರುವುದಿಲ್ಲ.

'ನನ್ನನ್ನು ಕರೆದುಕೊಂಡು ಹೋದರೆ ಹೋಗಲಿ' ಎಂದು ಬರೆದದ್ದನ್ನು ಈಗ ಓದಿದೆ. ಅದು ನಿಜವಲ್ಲ.

ಕರುಣಾಕರ

*

ಧಾರವಾಡ
೭ ಡಿಸೆಂಬರ್ ೨೦೨೪

ಕರುಣಾ,

ನಕ್ಕದ್ದಕ್ಕೆ ಕ್ಷಮಿಸು. ನಿನ್ನ ಪತ್ರ ಓದಿದ ಮೇಲೆ ನನಗೂ ಒಂದು ತರಹ ಆಗಿದೆ. ಇಲ್ಲಿ ಕೂತು ಧೈರ್ಯ ಹೇಳುವುದು ಸುಲಭ, ಆದ್ದರಿಂದ ಹೇಳುವುದಿಲ್ಲ.

ಒಂದೇ ಮಾತು. ಭವ್ಯಶ್ರೀಗೆ ಇಪ್ಪತ್ತೊಂದು. ಅವಳನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳು: ಯಾರೋ ಚಿತ್ರ ತೆಗೆದಿದ್ದಾರೆ, ಇಲ್ಲಿ ಇಂಥ ಕಾನೂನಿದೆ, ನನಗೆ ಹೆದರಿಕೆಯಾಗಿದೆ. ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು. ನಮ್ಮ ಹುಡುಗರಿಗೆ ನಾವು ಶ್ರುತಿ ಮಾಡುವುದನ್ನು ಕಲಿಸಿದೆವು, ನಾಲ್ಕು ದನಿಯಲ್ಲಿ ಹಾಡುವುದನ್ನು ಕಲಿಸಿದೆವು. ಹೆದರಿಕೆಯ ಎದುರು ಏನು ಮಾಡಬೇಕು ಎಂದು ಕಲಿಸಲಿಲ್ಲ. ನಮಗೇ ಬರುತ್ತಿರಲಿಲ್ಲ.

ವಕೀಲರು ಯಾರಾದರೂ ಗೊತ್ತಿದ್ದರೆ ಈಗಲೇ ಮಾತಾಡಿಟ್ಟುಕೋ. ಅಯ್ಯನವರಿಗೂ ಹೇಳು, ಮುಚ್ಚಿಡಬೇಡ. ಉತ್ತರ ಬರೆ. ಫೋನಾದರೂ ಮಾಡು.

ಸ್ನೇಹಲತಾ

*

ಗ್ರೇಟರ್ ನೋಯ್ಡಾ
೧೪ ಡಿಸೆಂಬರ್ ೨೦೨೪

ಅಕ್ಕ,

ನಿಮ್ಮ ಪತ್ರ ನಿನ್ನೆ ಬಂತು. ಈಗ ಎಲ್ಲ ತಿಳಿಯಾಗಿದೆ. ಅಯ್ಯನವರಿಗೆ ಹೇಳಿದೆ, ಪ್ರಾರ್ಥಿಸೋಣ ಎಂದರು. ವಿಡಿಯೋ ಎಲ್ಲೂ ಕಾಣಿಸಿಲ್ಲ.

ಭವ್ಯಶ್ರೀ ಈ ಸಲ ಕ್ಯಾರಲ್ ತಂಡದಲ್ಲಿ ಇಲ್ಲ. ಕಾಲೇಜಿನ ಪರೀಕ್ಷೆ ಇದೆಯಂತೆ. ಸ್ವಲ್ಪ ದಿನ ಬಿಟ್ಟು ಬರುತ್ತಾಳೋ ಏನೋ. ಅವಳ ಬದಲಿಗೆ ಆದರ್ಶ್ ತನ್ನ ಫೋನಿನಲ್ಲಿ ಯಾವುದೋ ಡ್ರಮ್ ಹಾಕುತ್ತಾನೆ. ಅದು ತಪ್ಪುವುದಿಲ್ಲ.

ನಿಮ್ಮ ಮಂಡಿ ನೋವು ಹೇಗಿದೆ?

ಕರುಣಾಕರ

*

ಧಾರವಾಡ
೨೭ ಡಿಸೆಂಬರ್ ೨೦೨೪

ಕರುಣಾಕರ,

ಕ್ರಿಸ್ಮಸ್ ದಿನ ಸಂಜೆ ಭವ್ಯಶ್ರೀ ಫೋನ್ ಮಾಡಿದ್ದಳು. ಹಬ್ಬದ ಶುಭಾಶಯ ಹೇಳಿದಳು. ಕೇಕು ಮಾಡಿದ್ರಾ ಆಂಟಿ ಎಂದಳು. ಆಮೇಲೆ ಕೇಳಿದಳು: 'ಆಂಟಿ, ಲಯ ಠೀಕ್ ಆಗೋಕೆ ಎಷ್ಟು ವರ್ಷ ಬೇಕು?'

ನನಗೆ ಅರ್ಥವಾಗಲಿಲ್ಲ. ಯಾರಿಗೆ ಎಂದೆ.

'ನನಗೇ. ಕರುಣಾಕರ ಅಂಕಲ್ ಹೇಳಿದ್ರು, ನನ್ನ ಕೈ ನಿಲ್ಲೋದಿಲ್ಲ, ಹಾಡೋರಿಗಿಂತ ಮುಂದೆ ಓಡ್ತೀನಂತೆ. ಟೀಮಿಗೆ ತೊಂದರೆ ಆಗುತ್ತಂತೆ. ಮುಝೇ ಪತಾ ಹೀ ನಹೀ ಚಲಾ ಆಂಟಿ. ನನಗೆ ಸರಿ ಇದೆ ಅಂತಾನೇ ಕೇಳಿಸ್ತಿತ್ತು. ಅದೇ ಪ್ರಾಬ್ಲಂ ಅಲ್ವಾ? ತಪ್ಪು ಇದ್ದದ್ದು ನನಗೆ ಸರಿ ಅಂತ ಕೇಳಿಸಿದ್ರೆ, ಇನ್ನು ಯಾವುದನ್ನ ನಂಬಲಿ?'

ನಾನು ಏನು ಹೇಳಿದೆ ಗೊತ್ತೇ? ಕರುಣಾಕರ ಅಂಕಲ್ ಕಿವಿ ಬಹಳ ಸೂಕ್ಷ್ಮ, ಅವರು ಹೇಳಿದರೆ ಅದರಲ್ಲಿ ಏನೋ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡ, ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ಅಭ್ಯಾಸ ಮಾಡು ಎಂದೆ. ನಿನ್ನನ್ನು ನಂಬಿ ಹೇಳಿದೆ. ನಿನ್ನ ಪತ್ರದ ಪರೀಕ್ಷೆಯ ಸುದ್ದಿ ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ.

ಫೋನ್ ಇಡುವ ಮೊದಲು ಅವಳು ಸುಮ್ಮನೆ ಹೇಳಿದ ಇನ್ನೊಂದು ಮಾತು: 'ಪಾಪಾಗೆ ಪಾಪ, ಬೇಜಾರು. ನಾನು ಫಸ್ಟ್ ಟೈಮ್ ಬಾರಿಸೋ ದಿನ ಹೇಳದೆ ಕೇಳದೆ ಅಲ್ಲಿಗೆ ಬಂದಿದ್ರು. ಬಾಗಿಲಲ್ಲೇ ನಿಂತು ವಿಡಿಯೋ ತೆಗೆದು ಊರಲ್ಲಿ ಅಜ್ಜಗೆ ಕಳಿಸಿದ್ರು.'

ಕರುಣಾಕರ, ಟೋಪಿ ಹಾಕಿಕೊಂಡು ಬಂದವರು ಅವಳ ತಂದೆ.

ಅವಳಿಗೆ ಮತ್ತೆ ಫೋನ್ ಮಾಡಿ ಹೇಳಲು ಹೋದೆ. ಏನೆಂದು ಹೇಳಲಿ? ನಿನ್ನ ಅಂಕಲ್ ಸುಳ್ಳು ಹೇಳಿದ, ನಾನು ಅದಕ್ಕೆ ಸಾಕ್ಷಿ ಹೇಳಿದೆ ಎಂದೇ? ಅದನ್ನು ನೀನೇ ಹೇಳಬೇಕು. ಹೆದರಿದ್ದಕ್ಕೆ ನಿನ್ನ ಮೇಲೆ ಕೋಪವಿಲ್ಲ. ಹೆದರಿಕೆಯಾಯಿತು, ಬರಬೇಡ ಎಂದು ಹೇಳಿದ್ದರೆ ಅವಳು ಅತ್ತು ಮರೆಯುತ್ತಿದ್ದಳು. ನೀನು ಅವಳ ಕೈಯನ್ನೇ ಹಿಡಿದು ಅದು ಸರಿಯಿಲ್ಲ ಎಂದೆ.

ಸ್ನೇಹಲತಾ

*

ಧಾರವಾಡ
೩೦ ಜನವರಿ ೨೦೨೫

ಕರುಣಾ,

ಒಂದು ತಿಂಗಳಾಯಿತು. ಫೋನ್ ಎತ್ತುವುದಿಲ್ಲ. ರತ್ನಪ್ರಭಾಳಿಗೆ ಮಾಡಿದರೆ, 'ಆರೋಗ್ಯವಾಗಿದ್ದಾರೆ ಅಕ್ಕಾ, ಮಾತು ಕಡಿಮೆ' ಎನ್ನುತ್ತಾಳೆ. ಅವಳಿಗೆ ನೀನು ಹೇಳಿಲ್ಲವೆಂದು ಅವಳ ದನಿಯಲ್ಲೇ ತಿಳಿಯಿತು. ನಾನೂ ಹೇಳಲಿಲ್ಲ.

ಹಿಂದಿನ ಪತ್ರದಲ್ಲಿ ಬಿರುಸಾಗಿ ಬರೆದೆ. ಈಗ ಬೇರೆ ಯೋಚನೆ ಮಾಡಿದ್ದೇನೆ. ಹೌಜ್ ಖಾಸಿನಲ್ಲಿ ಸುಹಾಸ್ ಇದ್ದಾನಲ್ಲ, ನಮ್ಮ ಹಳೆಯ ತಂಡದವನು, ಅವನ ಮನೆಯಲ್ಲಿ ಶನಿವಾರ ಹುಡುಗರು ಸೇರಬಹುದು. ಅದು ದೆಹಲಿ, ಮೆಟ್ರೋ ಹತ್ತಿರ, ಭವ್ಯಶ್ರೀಗೂ ಸುಲಭ. ಅವನು ಒಪ್ಪಿದ್ದಾನೆ. ನೀನು ಅವಳಿಗೆ ನಿಜ ಹೇಳಿ ಅಲ್ಲಿಗೆ ಕರೆ. ಬಂದರೆ ಬಂದಳು.

ಇನ್ನೊಂದು ವಿಷಯ. ನಾನೂ ಎರಡು ಸಲ ಅವಳ ನಂಬರು ಒತ್ತಿ ರಿಂಗ್ ಆಗುವ ಮೊದಲೇ ನಿಲ್ಲಿಸಿದೆ. ಆ ವಿಡಿಯೋದಲ್ಲಿ ನಾನು ಇಲ್ಲ, ನನಗೆ ಯಾವ ಅಪಾಯವೂ ಇಲ್ಲ. ಆದರೂ ನಿಲ್ಲಿಸಿದೆ. ಇದನ್ನು ನಿನಗೆ ತಿಳಿಸಬೇಕು ಅನ್ನಿಸಿತು.

ಸ್ನೇಹಲತಾ

*

ಗ್ರೇಟರ್ ನೋಯ್ಡಾ
೧೭ ಫೆಬ್ರವರಿ ೨೦೨೫

ಅಕ್ಕ,

ಮೊನ್ನೆ ಶನಿವಾರ ಮುಖರ್ಜಿ ನಗರಕ್ಕೆ, ಭವ್ಯಶ್ರೀಯ ತಂದೆಯ ಹೋಟೆಲಿಗೆ ಹೋಗಿದ್ದೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿದೆ. ಅಭ್ಯಾಸದ ದಿನಗಳ ರೆಕಾರ್ಡಿಂಗ್ ನನ್ನ ಫೋನಿನಲ್ಲಿತ್ತು. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಕಾರಿನೊಳಗೆ ಕೂತು, ಮೆಟ್ರೊನೋಮ್ ಹಾಕಿ ಕೇಳಿದೆ. ಎಲ್ಲಾದರೂ ಒಂದು ಕಡೆ ಅವಳು ಓಡಿದ್ದರೆ ಸಾಕು ಎಂದು ಆಸೆಯಿಂದ ಕೇಳಿದೆ. ಓಡಿಲ್ಲ. ಹಾಡುವ ನಾನೇ ಕೆಲವು ಕಡೆ ಹಿಂದೆ ಬಿದ್ದಿದ್ದೇನೆ, ಅವಳು ನನಗಾಗಿ ಕಾದಿದ್ದಾಳೆ.

ಅವಳಿಗೆ ಆ ಮಾತು ಹೇಳಿದ್ದು ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ. ನಿಮಗೆ ಎಲ್ಲವನ್ನೂ ಬರೆದ ಆ ವಾರವೇ, ನಿಮ್ಮ ಉತ್ತರ ಬರುವ ಮೊದಲು. ಬೇರೆ ಏನೋ ಹೇಳಬೇಕೆಂದು ಹೋದವನು. ಪಕ್ಕದ ಬೈಕಿನ ಮೇಲೆ ಯಾರೋ ಇಬ್ಬರು ಕೂತಿದ್ದರು. ಕಾನೂನು, ದೂರು, ಹಿಂದೂ ಎಂಬ ಪದಗಳನ್ನು ಅಲ್ಲಿ ಬಾಯಿಂದ ಹೊರಗೆ ತರಲು ಆಗಲಿಲ್ಲ. ಲಯ ಎಂಬ ಪದಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಅವಳು, 'ಅಚ್ಛಾ. ಸಾರಿ ಅಂಕಲ್' ಎಂದಳು. ಪೆಟ್ಟಿಗೆಯನ್ನು ಎತ್ತಿ ಆಟೋದೊಳಗೆ ಇಡಲು ನಾನೇ ಸಹಾಯ ಮಾಡಿದೆ.

ಹೋಟೆಲು ಸಣ್ಣದು. ಪರೀಕ್ಷೆಗೆ ಓದುವ ಹುಡುಗರಿಂದ ತುಂಬಿತ್ತು. ಗಲ್ಲಾದಲ್ಲಿ ಕೂತಿದ್ದ ರಮಾನಾಥರಿಗೆ ನನ್ನ ಹೆಸರು ಹೇಳಿದ ಕೂಡಲೇ ಎದ್ದು ಬಂದರು. 'ಓಹೋ, ಮಾಸ್ಟ್ರು! ಬನ್ನಿ ಬನ್ನಿ, ಒಳಗೆ ಬನ್ನಿ. ಅರೇ, ಏಕ್ ಟೇಬಲ್ ಸಾಫ್ ಕರೋ ಭಯ್ಯಾ!' ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬೇಡವೆಂದರೂ ನೀರು ದೋಸೆ ತರಿಸಿದರು. ಭವ್ಯಶ್ರೀ ಕಾಲೇಜಿನ ಗೆಳತಿಯ ಮನೆಗೆ ಹೋಗಿದ್ದಳು.

'ನಾನು ಒಮ್ಮೆ ಬಂದಿದ್ದೆ ನಿಮ್ಮಲ್ಲಿಗೆ,' ಎಂದರು. 'ಒಳಗೆ ಬರಲಿಲ್ಲ. ಚಪ್ಪಲಿ ಎಲ್ಲಿ ಬಿಡ್ಬೇಕು ಗೊತ್ತಾಗ್ಲಿಲ್ಲ ಮಾರಾಯ್ರೆ. ನಿಮ್ಮಲ್ಲಿ ಅರ್ಧ ಜನ ಬಿಟ್ಟಿದ್ರು, ಅರ್ಧ ಜನ ಬೂಟು ಹಾಕ್ಕೊಂಡೇ ಕೂತಿದ್ರು. ತಪ್ಪಾದ್ರೆ ಕಷ್ಟ ಅಂತ ಅಲ್ಲೇ ನಿಂತೆ. ನೀವು ಕಣ್ಣು ಬಿಟ್ಟು ಒಂಥರಾ ನೋಡಿದ್ರಿ. ಪೂಜೆ ಹೊತ್ತಲ್ಲಿ ಫೋಟೋ ತೆಗೀಬಾರ್ದಿತ್ತೇನೋ ಅಂತ ಹೆದರಿ ಓಡಿಬಿಟ್ಟೆ!' ಜೋರಾಗಿ ನಕ್ಕರು. ಅವರ ತಂದೆ ಊರಿನ ದೇವಸ್ಥಾನದಲ್ಲಿ ಡೋಲು ಬಾರಿಸುತ್ತಿದ್ದವರಂತೆ, ಮೊಮ್ಮಗಳನ್ನು ನೋಡಿ ಬಹಳ ಸಂತೋಷಪಟ್ಟರಂತೆ.

ನಾನು ಆಗಲೇ ನಿಜ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

ಅವರು ದನಿ ತಗ್ಗಿಸಿದರು. 'ಆ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೂ ಹಾಕಿದ್ದೆ. ನಮ್ಮ ಭಾವ ಒಬ್ರು ಗಾಜಿಯಾಬಾದಿನಲ್ಲಿದ್ದಾರೆ. ಇದೇನು ತಲೆ ಮೇಲೆ ಕೈ ಇಡ್ತಿದ್ದಾರೆ ಅಂತ ಕೇಳಿದ್ರು. ಆಶೀರ್ವಾದ ಅಂದೆ. ಆಮೇಲೆ ಅವರು ಏನೂ ಮಾತಾಡಲಿಲ್ಲ.' ನನ್ನ ಮುಖವನ್ನೇ ನೋಡುತ್ತಿದ್ದರು. 'ಆಶೀರ್ವಾದವೇ ತಾನೇ ಮಾಸ್ಟ್ರೆ?'

ಹೌದು ಎಂದೆ. ಅದನ್ನು ಅಳಿಸಿಬಿಡಿ, ಭಾವನಿಗೂ ಅಳಿಸಲು ಹೇಳಿ ಎನ್ನಬೇಕೆನಿಸಿತು. ಅಳಿಸಿ ಎಂದರೆ ಅಳಿಸಬೇಕಾದದ್ದು ಏನೋ ಇದೆ ಎಂದಾಗುತ್ತದೆ. ಪಕ್ಕದ ಮೇಜಿನ ಹುಡುಗ ನೀರಿನ ಲೋಟಕ್ಕೆ ಫೋನ್ ಒರಗಿಸಿಟ್ಟು ಏನೋ ಪಾಠ ನೋಡುತ್ತಿದ್ದ. ಕ್ಯಾಮೆರಾ ನನ್ನ ಕಡೆಗಿತ್ತು. ಮೊದಲು ನಾನು ಹೆದರಿದ್ದು ಇವರಿಗೆ, ಇವರಿಗೆ ಹೆದರಬೇಕಿರಲಿಲ್ಲ ಎಂದು ಈಗ ಗೊತ್ತಾಗಿದೆ. ಆದರೆ ಆ ವಿಡಿಯೋ ಗಾಜಿಯಾಬಾದಿನಲ್ಲಿ, ಸುಮ್ಮನಾದ ಒಬ್ಬರ ಕೈಯಲ್ಲಿದೆ. ಅದು ಅಲ್ಲಿಂದ ಎಲ್ಲಿಗೆ ಹೋಗಿದೆ, ಗೊತ್ತಿಲ್ಲ. ನನ್ನ ಹೆದರಿಕೆ ಸುಳ್ಳಾಗಿದ್ದರೆ ನಾನು ಬರೀ ಹೇಡಿ, ಅದನ್ನು ಹೇಗೋ ಸಹಿಸಬಹುದಿತ್ತು. ಅದು ನಿಜವೂ ಆಗಿರಬಹುದು.

ಹೊರಡುವಾಗ ಬಾಗಿಲವರೆಗೂ ಬಂದರು. 'ಭವ್ಯಾ ಈಗ ಬಾರಿಸೋದೇ ಬಿಟ್ಟಿದ್ದಾಳೆ. ಅವಳಮ್ಮ ಆ ಪೆಟ್ಟಿಗೆ ಮೇಲೆ ಇಸ್ತ್ರಿ ಬಟ್ಟೆ ಇಡ್ತಾಳೆ. ನಾನೇನೂ ಒತ್ತಾಯ ಮಾಡಲಿಲ್ಲ. ನೀವು ಮುಖಕ್ಕೆ ನಿಜ ಹೇಳಿದ್ದು ಒಳ್ಳೇದಾಯ್ತು ಮಾಸ್ಟ್ರೆ. ಬೇರೆಯವರಾದ್ರೆ ಸುಮ್ನೆ ಹೊಗಳಿ ಹಾಳು ಮಾಡ್ತಿದ್ರು.'

ನಾನು ತಲೆಯಾಡಿಸಿದೆ. ಹೂಂ ಎಂದೂ ಅಂದಿರಬೇಕು.

ಮೆಟ್ರೋದಲ್ಲಿ ಹೌಜ್ ಖಾಸ್ ದಾಟುವಾಗ ಸುಹಾಸನ ಮನೆಯ ವಿಷಯ ಯೋಚಿಸಿದೆ. ಒಳ್ಳೆಯ ಏರ್ಪಾಡು. ಆದರೆ ಅವಳನ್ನು ಅಲ್ಲಿಗೆ ಕರೆಯಬೇಕಾದರೆ, ಮೊದಲು ಯಾಕೆ ಕಳಿಸಿದೆ ಎಂದು ಹೇಳಬೇಕು. ಅದನ್ನು ಹೇಳಿದರೆ ನನ್ನ ಹೆದರಿಕೆಯನ್ನು ಅವಳ ಮನೆಯೊಳಗೆ ಇಟ್ಟು ಬಂದ ಹಾಗೆ: ಅವಳು ಭಾವನ ಮೌನಕ್ಕೆ ಅರ್ಥ ಹುಡುಕುತ್ತಾಳೆ, ಟೋಪಿ ಹಾಕಿದವರನ್ನು ನೋಡುತ್ತಾಳೆ, ಗೊತ್ತಿಲ್ಲದ ನಂಬರಿಗೆ ಬೆಚ್ಚುತ್ತಾಳೆ. ಹೇಳದಿದ್ದರೆ ಅವಳು ಇನ್ನು ಮುಂದೆ ತನ್ನ ಕಿವಿಯನ್ನು ತಾನೇ ನಂಬದೆ ಬದುಕುತ್ತಾಳೆ. ಇವೆರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ನೀವು ಬರೆಯುತ್ತೀರಿ, ನನಗೆ ಗೊತ್ತು. ನೀವು ಹೇಳುವುದು ಸರಿಯೇ ಇರುತ್ತದೆ. ಅವಳ ನಂಬರನ್ನು ಎದುರಿಗೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವಳು ಎತ್ತಿದರೆ ಹೇಳಬೇಕಾದ ಮೊದಲ ವಾಕ್ಯವನ್ನು ಹಲವು ಬಗೆಯಲ್ಲಿ ಹೇಳಿ ನೋಡಿದೆ. ಪ್ರತಿ ಸಲವೂ ಅದು ನಿಂತುಹೋಗುವುದು ಒಂದೇ ಕಡೆ.

ಭವ್ಯಶ್ರೀ, ಅಂದು ನಿನ್ನ ಲಯ ತಪ್ಪಿದೆ ಎಂದು ಹೇಳಿದ ಇದೇ ಬಾಯಿಂದ, ಇಲ್ಲಮ್ಮಾ, ಸರಿಯಾಗಿತ್ತು ಎಂದು ಈಗ ಹೇಳಿದರೆ, ನೀನು ನಂಬುವುದಾದರೂ ಯಾವುದನ್ನು?